600 ಎಂಎಂ ಲೆನ್ಸ್ ಇದ್ದರೂ ಮಿಂಚುಳ್ಳಿಯ ಕಣ್ಣು ಮಸುಕು, ಏನು ಮಾಡಲಿ?

ಪ್ರಶ್ನೆ: ಒಂದೂವರೆ ವರ್ಷದಿಂದ ಹಕ್ಕಿಗಳ ಫೋಟೊ ತೆಗೆಯುತ್ತಿದ್ದೇನೆ. ನನ್ನ ಬಳಿ 24 ಮೆಗಾಪಿಕ್ಸೆಲ್‌ನ ಕ್ರಾಪ್ ಸೆನ್ಸರ್ (ಬೆಳಕು ಹಿಡಿಯುವ ಫಲಕ ಪೂರ್ಣ ಅಳತೆಗಿಂತ ಚಿಕ್ಕದಿರುವ) ಕ್ಯಾಮೆರಾ ಮತ್ತು 150–600 ಎಂಎಂ ಜೂಮ್ ಲೆನ್ಸ್ ಇವೆ. ನೀರಿನಂಚಿನ ಕೊಂಬೆಯಲ್ಲಿ ಕೂರುವ ಒಂದು ಪುಟ್ಟ ಮಿಂಚುಳ್ಳಿಯ ಹಿಂದೆ ಬಿದ್ದಿದ್ದೇನೆ. ಬಿಡುವಾಗುವುದು ಹತ್ತು ಗಂಟೆಯ ಮೇಲೆ. 40 ಮೀಟರ್ ಆಚೆಯಿಂದ ತೆಗೆದದ್ದು ಕ್ಯಾಮೆರಾದ ಪರದೆಯಲ್ಲಿ ಚೆನ್ನಾಗಿಯೇ ಕಾಣುತ್ತದೆ. ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿದರೆ ಕಣ್ಣು ಮಸುಕು, ಗರಿಗಳು ಕಲಸಿಹೋದಂತೆ ಕಾಣುತ್ತವೆ. ಐಎಸ್‌ಒ (ಬೆಳಕಿಗೆ ಕ್ಯಾಮೆರಾ ತೋರುವ ಸಂವೇದನೆಯ ಅಳತೆ) 800 ದಾಟಿದರೆ ಚಿತ್ರ ಕೆಡುತ್ತದೆ ಎಂದು ಕೇಳಿದ್ದರಿಂದ ಶಟರ್ ಸ್ಪೀಡ್ 1/250 ಸೆಕೆಂಡಿನಲ್ಲೇ ಇಡುತ್ತೇನೆ. ಹತ್ತಿರ ಹೋದರೆ ಹಾರಿಬಿಡುತ್ತದೆ. ಗೆಳೆಯರ ಸಲಹೆ ಮೂರು: ದೊಡ್ಡ ಪ್ರೈಮ್ ಲೆನ್ಸ್ (ಜೂಮ್ ಆಗದ, ಒಂದೇ ಫೋಕಲ್ ಲೆಂಗ್ತಿನದು) ತೆಗೆದುಕೋ, ಮೊಬೈಲಿನಲ್ಲಿ ಹಕ್ಕಿಯ ಕೂಗು ಹಾಕು, ಇಲ್ಲವೇ ಗೂಡು ಹುಡುಕಿ ಅದರ ಮುಂದೆ ಕೂತುಬಿಡು. ಯಾವುದನ್ನು ಮಾಡಲಿ?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ತೊಂದರೆಗಳು ಒಂದೇ ಗಂಟಾಗಿ ಕೂತಿವೆ. ಚಿತ್ರ ಏಕೆ ಮಸುಕಾಗುತ್ತಿದೆ ಎಂಬುದು ಒಂದು, ಹಕ್ಕಿ ಏಕೆ ಹತ್ತಿರ ಬಿಟ್ಟುಕೊಳ್ಳುತ್ತಿಲ್ಲ ಎಂಬುದು ಇನ್ನೊಂದು. ಎರಡರ ಬೇರೂ ಆ 40 ಮೀಟರಿನಲ್ಲೇ ಇದೆ. ಹೊಸ ಲೆನ್ಸ್ ಆ ದೂರವನ್ನು ತಗ್ಗಿಸುವುದಿಲ್ಲ. ಕೂಗು ಮತ್ತು ಗೂಡು ತಗ್ಗಿಸಬಹುದು, ಆದರೆ ಅದಕ್ಕೆ ದಂಡ ತೆರುವುದು ಹಕ್ಕಿ. ಹಾಗಾಗಿ ಗೆಳೆಯರ ಮೂರು ಸಲಹೆಗಳಲ್ಲಿ ಒಂದನ್ನೂ ನಾನು ಕೊಡಲಾರೆ. ಕಾರಣ ಹೇಳುತ್ತೇನೆ.

ಮೊದಲು ಲೆಕ್ಕ ಹಾಕೋಣ. ಪುಟ್ಟ ಮಿಂಚುಳ್ಳಿಯ ಉದ್ದ ಸುಮಾರು 16 ಸೆಂಟಿಮೀಟರ್. 600 ಎಂಎಂನಲ್ಲಿ 40 ಮೀಟರ್ ದೂರದಿಂದ ತೆಗೆದರೆ ಸೆನ್ಸರ್ ಮೇಲೆ ಅದರ ಬಿಂಬ 2.4 ಮಿಲಿಮೀಟರ್. ನಿಮ್ಮ ಸೆನ್ಸರಿನ ಅಗಲ ಸುಮಾರು 23.5 ಮಿಲಿಮೀಟರ್, ಅದರಲ್ಲಿರುವ ಪಿಕ್ಸೆಲ್ 6,000. ಅಂದರೆ ಕೊಕ್ಕಿನಿಂದ ಬಾಲದವರೆಗೆ ಇಡೀ ಹಕ್ಕಿಗೆ ಸಿಗುವುದು 600 ಪಿಕ್ಸೆಲ್. ಅರ್ಧ ಸೆಂಟಿಮೀಟರ್ ಅಗಲದ ಕಣ್ಣಿಗೆ ಸುಮಾರು ಇಪ್ಪತ್ತು. ಇಪ್ಪತ್ತು ಪಿಕ್ಸೆಲ್‌ನಲ್ಲಿ ಕಣ್ಣಿನ ಹೊಳಪು, ಸುತ್ತಲಿನ ಸಣ್ಣ ಗರಿ ಎಲ್ಲವೂ ಬಿಡಿಬಿಡಿಯಾಗಿ ಮೂಡಬೇಕೆಂದರೆ ಯಾವ ಲೆನ್ಸಿನಿಂದಲೂ ಆಗದು. ಅದೇ ಹಕ್ಕಿಯನ್ನು 10 ಮೀಟರಿನಿಂದ ತೆಗೆದರೆ ಅದರ ಉದ್ದಕ್ಕೆ 2,400 ಪಿಕ್ಸೆಲ್ ದಕ್ಕುತ್ತವೆ. ದೂರ ನಾಲ್ಕನೇ ಒಂದಾದರೆ ಹಕ್ಕಿಗೆ ಸಿಗುವ ಒಟ್ಟು ಪಿಕ್ಸೆಲ್‌ಗಳು ಹದಿನಾರು ಪಟ್ಟು. ದುಡ್ಡು ಕೊಟ್ಟು ಕೊಳ್ಳುವ ಯಾವ ಸಲಕರಣೆಯೂ ಇಷ್ಟು ದೊಡ್ಡ ಜಿಗಿತ ಕೊಡುವುದಿಲ್ಲ.

ಈಗ ಪ್ರೈಮ್ ಲೆನ್ಸಿನ ವಿಷಯ. 600 ಎಂಎಂ ಎಫ್ 4 ಲೆನ್ಸ್ (ಎಫ್ ಸಂಖ್ಯೆ ಚಿಕ್ಕದಾದಷ್ಟೂ ಒಳಬರುವ ಬೆಳಕು ಹೆಚ್ಚು) ನಿಜಕ್ಕೂ ಅದ್ಭುತವಾದದ್ದು. ಆದರೆ ಅದೂ 600 ಎಂಎಂ, ನಿಮ್ಮ ಜೂಮ್ ಕೂಡ 600 ಎಂಎಂ. 40 ಮೀಟರಿನ ಮಿಂಚುಳ್ಳಿ ಎರಡರಲ್ಲೂ ಅಷ್ಟೇ ಚಿಕ್ಕದು. ನಿಮ್ಮ ಎಫ್ 6.3ಕ್ಕೆ ಹೋಲಿಸಿದರೆ ಒಂದೂಕಾಲು ಸ್ಟಾಪಿನಷ್ಟು (ಒಂದು ಸ್ಟಾಪ್ ಎಂದರೆ ಬೆಳಕು ದುಪ್ಪಟ್ಟು ಇಲ್ಲವೇ ಅರ್ಧ) ಹೆಚ್ಚು ಬೆಳಕು, ಚುರುಕಾದ ಫೋಕಸ್, ಇನ್ನಷ್ಟು ನಯವಾಗಿ ಕರಗಿದ ಹಿನ್ನೆಲೆ ಸಿಗುತ್ತವೆ. ಜೊತೆಗೆ 3 ಕಿಲೊಗೂ ಮೀರಿದ ತೂಕ. ಲೆನ್ಸ್ ಮತ್ತು ಕ್ಯಾಮೆರಾದ ನಡುವೆ ಟೆಲಿಕನ್ವರ್ಟರ್ ಎಂಬ ಹಿಗ್ಗಿಸುವ ಗಾಜು ಹಾಕಿದರೆ ಬಿಂಬ ದೊಡ್ಡದಾಗುತ್ತದೆ ನಿಜ. 1.4 ಪಟ್ಟಿನದು ಒಂದು ಸ್ಟಾಪ್ ಬೆಳಕು ತಿನ್ನುತ್ತದೆ, 2 ಪಟ್ಟಿನದು ಎರಡು ಸ್ಟಾಪ್. ನಿಮ್ಮ ಎಫ್ 6.3 ಆಗ ಎಫ್ 9 ಅಥವಾ ಎಫ್ 13ರ ಹತ್ತಿರ ಹೋಗಿ ಆಟೊಫೋಕಸ್ ತಡವರಿಸುತ್ತದೆ. ನಿಮ್ಮ ಲೆನ್ಸಿಗೆ 2 ಪಟ್ಟಿನದನ್ನಂತೂ ಬೇಡವೆಂದೇ ಹೇಳುತ್ತೇನೆ.

ಐಎಸ್‌ಒ ಭಯವನ್ನು ಇವತ್ತೇ ಬಿಡಿ

ಗ್ರೇನ್, ಅಂದರೆ ಚಿತ್ರದ ಮೇಲಿನ ಮರಳುಮರಳು ಚುಕ್ಕೆ, ಬರುವುದು ಐಎಸ್‌ಒ ಏರಿಸಿದ್ದರಿಂದ ಎಂಬುದು ಅರ್ಧ ಸತ್ಯ. ಅದರ ಮುಖ್ಯ ಕಾರಣ ಸೆನ್ಸರಿಗೆ ಬಿದ್ದ ಬೆಳಕು ಸಾಲದೇ ಇರುವುದು. ಐಎಸ್‌ಒ 800ರಲ್ಲಿ ಕಪ್ಪಾಗಿ ತೆಗೆದು ಆಮೇಲೆ ಕಂಪ್ಯೂಟರಿನಲ್ಲಿ ಎರಡು ಸ್ಟಾಪ್ ಬೆಳಗಿಸಿದರೆ, ಐಎಸ್‌ಒ 3200ರಲ್ಲೇ ಸರಿಯಾಗಿ ತೆಗೆದದ್ದಕ್ಕಿಂತ ಚಿತ್ರ ಶುಭ್ರವಾಗೇನೂ ಇರುವುದಿಲ್ಲ. ಎಷ್ಟೋ ಕ್ಯಾಮೆರಾಗಳಲ್ಲಿ ನೆರಳಿನ ಭಾಗ ಇನ್ನೂ ಕೆಡುತ್ತದೆ. ಗ್ರೇನ್ ಅನ್ನು ಈಗಿನ ಸಾಫ್ಟ್‌ವೇರ್‌ಗಳು ಬಹುಮಟ್ಟಿಗೆ ತೊಳೆದುಕೊಡುತ್ತವೆ. ಅಲುಗಿ ಕಲಸಿಹೋದ ಗರಿಯನ್ನು ಮಾತ್ರ ಯಾರೂ ಮರಳಿ ತಂದುಕೊಡಲಾರರು.

1/250ರಲ್ಲಿ ನೀವು ಕಳೆದುಕೊಳ್ಳುತ್ತಿರುವುದು ಅದನ್ನೇ. ಕೈಯಲ್ಲಿ ಹಿಡಿದು ತೆಗೆಯುವಾಗ ಫೋಕಲ್ ಲೆಂಗ್ತ್ ಅನ್ನು ಸೆನ್ಸರಿನ ಕ್ರಾಪ್ ಪಟ್ಟಿನಿಂದ (ನಿಮ್ಮದು 1.5) ಗುಣಿಸಿ, ಒಂದು ಸೆಕೆಂಡನ್ನು ಅದರಿಂದ ಭಾಗಿಸಿದಷ್ಟು ವೇಗ ಬೇಕೆಂಬುದು ಹಳೆಯ ಅಂದಾಜು. 600ನ್ನು 1.5ರಿಂದ ಗುಣಿಸಿದರೆ 900, ಅಂದರೆ ಹೆಚ್ಚುಕಡಿಮೆ 1/1000. ಲೆನ್ಸಿನಲ್ಲಿ ಸ್ಟೆಬಿಲೈಸೇಶನ್ ಇದೆಯಲ್ಲ ಎಂದು ಕೇಳಬಹುದು. ಅದು ನಿಮ್ಮ ಕೈ ನಡುಕವನ್ನು ತಡೆಯುತ್ತದೆಯೇ ಹೊರತು ಹಕ್ಕಿಯ ಕತ್ತು ತಿರುಗುವುದನ್ನಲ್ಲ. ಸಣ್ಣ ಹಕ್ಕಿಗಳು ಕಲ್ಲಿನಂತೆ ಕೂತಂತೆ ಕಂಡರೂ ತಲೆ ಸದಾ ಕುಪ್ಪಳಿಸುತ್ತಿರುತ್ತದೆ.

ಹೀಗಿಡಿ: ಮ್ಯಾನುಯಲ್ ಮೋಡ್, ಶಟರ್ 1/1000, ಅಪರ್ಚರ್ ಎಫ್ 7.1, ಆಟೊ ಐಎಸ್‌ಒ, ಅದರ ಮೇಲಿನ ಮಿತಿ 6400. ಫೈಲ್ ರಾ (ಸೆನ್ಸರಿನ ಕಚ್ಚಾ ಮಾಹಿತಿ) ಮಾದರಿಯಲ್ಲಿರಲಿ. ಬೆಳಿಗ್ಗೆ ಬೆಳಕು ಮಂಕಾಗಿದ್ದು ಹಕ್ಕಿ ನಿಶ್ಚಲವಾಗಿದ್ದರೆ, ಲೆನ್ಸನ್ನು ಟ್ರೈಪಾಡ್ ಅಥವಾ ಬೀನ್‌ಬ್ಯಾಗ್ ಮೇಲಿಟ್ಟು 1/500ಕ್ಕೆ ಇಳಿಯಿರಿ, ಒಂದರ ಬದಲು ಎಂಟು ಹತ್ತು ಫ್ರೇಮ್ ಹೊಡೆಯಿರಿ. ಹಾರುವ ದೊಡ್ಡ ಹಕ್ಕಿಗೆ 1/2000, ನೀರಿಗೆ ಧುಮುಕುವ ಮಿಂಚುಳ್ಳಿಗೆ 1/3200 ಅಥವಾ ಅದಕ್ಕೂ ಮೇಲೆ. ಬಿಳಿ ಬೆಳ್ಳಕ್ಕಿ ಕಪ್ಪು ಹಿನ್ನೆಲೆಯ ಮುಂದೆ ನಿಂತಾಗ ಎಕ್ಸ್‌ಪೋಷರ್ ಕಾಂಪನ್ಸೇಶನ್ (ಚಿತ್ರದ ಬೆಳಕು ಏರಿಸಿ ಇಳಿಸುವ ಹೊಂದಾಣಿಕೆ) ಅನ್ನು ಮೈನಸ್ 1ರ ಕಡೆಗೆ ತಿರುಗಿಸಿ, ಇಲ್ಲವಾದರೆ ಗರಿಯ ಬಿಳುಪು ಸುಣ್ಣ ಬಳಿದಂತಾಗುತ್ತದೆ. ಆಕಾಶದಲ್ಲಿ ಹಾರುವ ಕಪ್ಪು ಹಕ್ಕಿಗೆ ಪ್ಲಸ್ 1ರಿಂದ ಒಂದೂವರೆ.

ಮಸುಕಿಗೆ ಕಾರಣ ಕಂಡುಹಿಡಿಯುವುದು ಹೇಗೆ?

ನಿಮ್ಮ ಚಿತ್ರಗಳಲ್ಲಿ ಕೈ ನಡುಕವೊಂದೇ ಇದೆ ಎಂದು ನನಗನ್ನಿಸುವುದಿಲ್ಲ. ಹತ್ತು ಗಂಟೆಯ ಮೇಲೆ, ನೀರಿನ ಮೇಲಿನಿಂದ, 40 ಮೀಟರ್ ದೂರಕ್ಕೆ ಎಂದಿದ್ದೀರಿ. ಆ ಹೊತ್ತಿಗೆ ಬಿಸಿಲ ಝಳ ಶುರುವಾಗಿರುತ್ತದೆ. ನೆಲ ಕಾದು, ಬೇರೆ ಬೇರೆ ಬಿಸುಪಿನ ಗಾಳಿಯ ಪದರಗಳು ಒಂದರೊಳಗೊಂದು ಸುಳಿಯುತ್ತ ಬೆಳಕನ್ನು ಅತ್ತಿತ್ತ ಬಾಗಿಸುತ್ತವೆ. ಕಣ್ಣಿಗೆ ಕಾಣದಷ್ಟು ಸಣ್ಣ ಕದಲಿಕೆಯೂ 600 ಎಂಎಂನಲ್ಲಿ ಹಿಗ್ಗಿ ಕಾಣುತ್ತದೆ. ಎಷ್ಟೋ ಜನ ಇದನ್ನು ಫೋಕಸ್ ದೋಷವೆಂದು ತಿಳಿದು ಲೆನ್ಸನ್ನು ಸರ್ವಿಸ್‌ಗೆ ಕೊಟ್ಟು, ಏನೂ ದೋಷವಿಲ್ಲವೆಂಬ ಚೀಟಿಯ ಜೊತೆ ವಾಪಸು ತರುತ್ತಾರೆ.

ಪತ್ತೆ ಮಾಡುವ ದಾರಿ ಸರಳ. ಲೆನ್ಸನ್ನು ಟ್ರೈಪಾಡ್ ಮೇಲಿಟ್ಟು, ಹಕ್ಕಿ ಕೂರುವ ಬರಿಯ ಕೊಂಬೆಗೇ ಒಮ್ಮೆ ಫೋಕಸ್ ಮಾಡಿ, ಫೋಕಸ್ ಬದಲಾಗದಂತೆ ಲಾಕ್ ಮಾಡಿಕೊಂಡು, 1/1000ದಲ್ಲಿ ಸಾಲಾಗಿ ಹದಿನೈದು ಫ್ರೇಮ್ ತೆಗೆಯಿರಿ. ಕಂಪ್ಯೂಟರಿನಲ್ಲಿ ಪೂರ್ಣ ಅಳತೆಗೆ ಹಿಗ್ಗಿಸಿ ಒಂದೊಂದನ್ನೇ ನೋಡಿ. ಒಂದು ಫ್ರೇಮಿನಲ್ಲಿ ತೊಗಟೆ ಸ್ಪಷ್ಟ, ಮುಂದಿನದರಲ್ಲಿ ಮಸುಕು, ಅದರಾಚೆಯದರಲ್ಲಿ ಕೊಂಬೆಯ ಅಂಚೇ ಸೊಟ್ಟಗಾಗಿದ್ದರೆ ಅದು ಗಾಳಿಯ ಕೆಲಸ. ಎಲ್ಲ ಫ್ರೇಮೂ ಒಂದೇ ತೆರನಾಗಿ ಮಸುಕಾಗಿದ್ದು, ಕೊಂಬೆಯ ಹಿಂದಿನ ಅಥವಾ ಮುಂದಿನ ಎಲೆ ಮಾತ್ರ ಸ್ಪಷ್ಟವಾಗಿದ್ದರೆ ಫೋಕಸ್ ತಪ್ಪಿದೆ. ಹೊಳೆಯುವ ಚುಕ್ಕೆಗಳೆಲ್ಲ ಒಂದೇ ದಿಕ್ಕಿಗೆ ಗೀರುಗಳಾಗಿ ಎಳೆದಂತಿದ್ದರೆ ಕ್ಯಾಮೆರಾ ಅಲುಗಿದೆ.

ಝಳಕ್ಕೆ ಮದ್ದಿಲ್ಲ. ಬೇಗ ಹೋಗಬೇಕು, ಇಲ್ಲವೇ ಹತ್ತಿರ ಇರಬೇಕು. ಸೂರ್ಯ ಹುಟ್ಟಿದ ಮೊದಲ ಎರಡು ಗಂಟೆ ಗಾಳಿ ಬಹುತೇಕ ಶಾಂತವಾಗಿರುತ್ತದೆ, ಬೆಳಕೂ ಓರೆಯಾಗಿ ಬಿದ್ದು ಮಿಂಚುಳ್ಳಿಯ ನೀಲಿಯನ್ನು ಎತ್ತಿಕೊಡುತ್ತದೆ. ವಾಹನದ ಒಳಗಿನಿಂದ ತೆಗೆಯುವುದಾದರೆ ಎಂಜಿನ್ ಆರಿಸಿ, ಕಾದ ಬಾನೆಟ್ ಮೇಲಿನಿಂದ ಗುರಿಯಿಡಬೇಡಿ. ತಂಪಾದ ಕೋಣೆಯಿಂದ ಸೆಕೆಯಿರುವ ಬಯಲಿಗೆ ಲೆನ್ಸ್ ತಂದಾಗ ಅದರ ಮೇಲೆ ಹನಿ ಕಟ್ಟುತ್ತದೆ. ಅರ್ಧ ಗಂಟೆ ಚೀಲದೊಳಗೇ ಮುಚ್ಚಿಟ್ಟು ಆಮೇಲೆ ತೆಗೆಯಿರಿ. ಇನ್ನೊಂದು, ಲೆನ್ಸಿನ ಮುಂದೆ ಅಗ್ಗದ ಯುವಿ ಫಿಲ್ಟರ್ ಇದ್ದರೆ ಬಿಚ್ಚಿ ಪಕ್ಕಕ್ಕಿಡಿ. ಇಷ್ಟು ಉದ್ದದ ಲೆನ್ಸಿನ ಮುಂದೆ ಒರಟು ಗಾಜು ಅಂಚುಗಳನ್ನು ಜೋಡಿಯಾಗಿ ತೋರಿಸುವುದುಂಟು. ಮುಂಭಾಗದ ರಕ್ಷಣೆಗೆ ಹುಡ್ ಸಾಕು.

ಫೋಕಸ್ ಕುರಿತು ಹೆಚ್ಚು ಹೇಳುವುದಿಲ್ಲ. ಮೋಡ್ ಕಂಟಿನ್ಯುಯಸ್ (ಹಕ್ಕಿ ಕದಲಿದಂತೆ ಫೋಕಸ್ ಹಿಂಬಾಲಿಸುವುದು) ಇರಲಿ, ಕೊಂಬೆಗಳ ನಡುವಿನ ಹಕ್ಕಿಗೆ ಒಂದೇ ಪಾಯಿಂಟ್, ಬಯಲಿನದಕ್ಕೆ ಸಣ್ಣ ವಲಯ. ಕ್ಯಾಮೆರಾದಲ್ಲಿ ಹಕ್ಕಿಯ ಕಣ್ಣು ಗುರುತಿಸುವ ಸೌಲಭ್ಯ ಇದ್ದರೆ ಬಳಸಿ, ಆದರೆ ಮುಂದೆ ಜೊಂಡು ಅಡ್ಡವಿದ್ದಾಗ ಅದು ಜೊಂಡನ್ನೇ ಹಿಡಿಯಬಹುದು. 10 ಮೀಟರಿನಲ್ಲಿ 600 ಎಂಎಂ, ಎಫ್ 6.3 ಇದ್ದಾಗ ಸ್ಪಷ್ಟವಾಗಿ ಉಳಿಯುವ ಆಳ ಆರೇಳು ಸೆಂಟಿಮೀಟರ್ ಮಾತ್ರ. ಕಣ್ಣಿನ ಮೇಲಿಟ್ಟ ಫೋಕಸ್ ರೆಕ್ಕೆಗೆ ಜಾರಿದರೆ ಅಷ್ಟರಲ್ಲೇ ಕಣ್ಣು ಹೋಯಿತು.

ಹಕ್ಕಿ ಏಕೆ ಹಾರುತ್ತದೆ, ಹಾರುವ ಮುನ್ನ ಏನು ಹೇಳುತ್ತದೆ?

ಹಕ್ಕಿ ಇದ್ದಕ್ಕಿದ್ದಂತೆ ಹಾರುವುದಿಲ್ಲ. ಅದಕ್ಕೆ ಎರಡು ಗೆರೆಗಳಿವೆ. ಮೊದಲ ಗೆರೆ ದಾಟಿದಾಗ ಮಾಡುತ್ತಿದ್ದ ಕೆಲಸ ಬಿಟ್ಟು ನಿಮ್ಮನ್ನು ಗಮನಿಸುತ್ತದೆ, ಎರಡನೆಯದು ದಾಟಿದಾಗ ಹಾರುತ್ತದೆ. ಫೋಟೊಗ್ರಾಫರ್ ನಿಲ್ಲಬೇಕಾದದ್ದು ಮೊದಲ ಗೆರೆಯಲ್ಲಿ. ಬಹುಪಾಲು ಜನ ಅದನ್ನು ಗುರುತಿಸದೆ ನಡೆದುಬಿಡುತ್ತಾರೆ, ಆಮೇಲೆ ಈ ಹಕ್ಕಿ ಬಲು ಪುಕ್ಕಲು ಎನ್ನುತ್ತಾರೆ.

ನಿಮ್ಮ ಮಿಂಚುಳ್ಳಿಯನ್ನೇ ನೋಡಿ. ನಿಶ್ಚಿಂತೆಯಲ್ಲಿದ್ದಾಗ ಮೈಗರಿ ಸ್ವಲ್ಪ ಉಬ್ಬಿ ದುಂಡಗೆ ಕಾಣುತ್ತದೆ, ನೋಟ ನೀರಿನ ಕಡೆಗಿರುತ್ತದೆ, ನಡುನಡುವೆ ಕೊಕ್ಕಿನಿಂದ ಎದೆ ನೀವಿಕೊಳ್ಳುತ್ತದೆ. ನೀವು ಗೆರೆ ದಾಟಿದ ಕೂಡಲೇ ಗರಿ ಮೈಗೆ ಅಂಟಿಕೊಂಡು ಹಕ್ಕಿ ಸಪೂರವಾಗುತ್ತದೆ, ನೆಟ್ಟಗೆ ಕೂರುತ್ತದೆ, ಒಂದು ಕಣ್ಣು ನಿಮ್ಮ ಕಡೆಗೆ ತಿರುಗುತ್ತದೆ. ಆಮೇಲೆ ತಲೆಯನ್ನು ಮೇಲೆ ಕೆಳಗೆ ಕುಣಿಸುತ್ತದೆ, ಮೈ ಮುಂದಕ್ಕೆ ಬಾಗುತ್ತದೆ, ಎಷ್ಟೋ ಸಲ ಹಿಕ್ಕೆ ಹಾಕಿ ಹಗುರಾಗುತ್ತದೆ. ಅಲ್ಲಿಂದ ಮುಂದೆ ಬರಿಯ ಕೊಂಬೆ. ಗರಿ ಅಂಟಿಕೊಂಡಾಗಲೇ ನೀವು ನಿಂತಲ್ಲೇ ನಿಂತು, ಕ್ಯಾಮೆರಾ ಇಳಿಸಿ, ಮುಖ ಬೇರೆ ಕಡೆ ತಿರುಗಿಸಿದರೆ ಎರಡು ಮೂರು ನಿಮಿಷದಲ್ಲಿ ಅದು ಮತ್ತೆ ಉಬ್ಬಿಕೊಂಡು ನೀರು ನೋಡತೊಡಗಬಹುದು. ಉಬ್ಬಿಕೊಂಡರೆ ಇನ್ನು ಮೂರು ಹೆಜ್ಜೆಗೆ ಅವಕಾಶವಿದೆ. ಉಬ್ಬಿಕೊಳ್ಳದಿದ್ದರೆ ಎರಡು ಹೆಜ್ಜೆ ಹಿಂದೆ ಸರಿಯಿರಿ.

ನೇರವಾಗಿ ಅದರತ್ತ ನಡೆಯಬೇಡಿ, ಓರೆಯಾಗಿ ಹಾದುಹೋಗುವವರಂತೆ ಸಾಗಿ. ಕುಕ್ಕರಗಾಲಿನಲ್ಲಿ ಕೂತಷ್ಟೂ ಒಳ್ಳೆಯದು, ಆಕಾಶದ ಎದುರು ಎದ್ದು ಕಾಣುವ ಮನುಷ್ಯನ ಆಕಾರವೇ ಹಕ್ಕಿಗೆ ದಿಗಿಲು. ಎಲೆಬಣ್ಣದ ಬಟ್ಟೆ ತೊಟ್ಟರೆ ಹಕ್ಕಿಗೆ ಕಾಣುವುದಿಲ್ಲವೆಂಬ ನಂಬಿಕೆ ತಪ್ಪು. ಹಕ್ಕಿಗಳಿಗೆ ನಮಗಿಂತ ಒಂದು ಬಗೆಯ ಬಣ್ಣದ ಕೋಶ ಹೆಚ್ಚೇ ಇದೆ, ಎಷ್ಟೋ ಹಕ್ಕಿಗಳಿಗೆ ನಮಗೆ ಕಾಣದ ಅತಿನೇರಳೆಯೂ ಕಾಣುತ್ತದೆ. ನಿಮ್ಮನ್ನು ಬಿಟ್ಟುಕೊಡುವುದು ಮುಖ್ಯವಾಗಿ ಚಲನೆ, ಅದರಲ್ಲೂ ಬರಿಗೈ ಮತ್ತು ಲೆನ್ಸಿನ ಥಟ್ಟನೆಯ ತಿರುಗಾಟ. ಮಂದ ಬಣ್ಣದ ಬಟ್ಟೆ, ಕೈಗವಸು, ನಿಧಾನವಾದ ಕೈ ಇಷ್ಟಿದ್ದರೆ ಸಾಕು.

ನಡೆದು ಹೋಗುವುದಕ್ಕಿಂತ ಕಾದು ಕೂರುವುದು ಮಿಂಚುಳ್ಳಿಯ ಮಟ್ಟಿಗೆ ಎಷ್ಟೋ ಮೇಲು. ಅದು ಮತ್ತೆ ಮತ್ತೆ ಅದೇ ಎರಡು ಮೂರು ಕೊಂಬೆಗಳಿಗೆ ಬರುವ ಹಕ್ಕಿ. ಕೊಂಬೆಯ ಕೆಳಗಿನ ಕಲ್ಲು, ಎಲೆಗಳ ಮೇಲೆ ಬಿಳಿ ಹಿಕ್ಕೆಯ ಗೀರುಗಳಿದ್ದರೆ ಅದು ಅದರ ಖಾಯಂ ಜಾಗ. ಎರಡು ದಿನ ಕ್ಯಾಮೆರಾ ಇಲ್ಲದೆ ಹೋಗಿ, ದೂರದಿಂದ ಬೈನಾಕ್ಯುಲರ್‌ನಲ್ಲಿ ನೋಡಿ, ಯಾವ ಹೊತ್ತಿಗೆ ಯಾವ ಕೊಂಬೆಗೆ ಬರುತ್ತದೆಂದು ಬರೆದಿಟ್ಟುಕೊಳ್ಳಿ. ಆಮೇಲೆ ಆ ಕೊಂಬೆಯಿಂದ 8–10 ಮೀಟರ್ ದೂರದಲ್ಲಿ, ಬೆಳಗಿನ ಸೂರ್ಯ ನಿಮ್ಮ ಬೆನ್ನಿಗಿರುವಂತೆ, ಮರೆ ಕಟ್ಟಿ. ಮಡಚುವ ಡೇರೆಯಾದರೂ ಸರಿ, ಬಲೆಬಟ್ಟೆ ಹೊದ್ದು ಪೊದೆಗೆ ಒರಗಿ ಕೂತರೂ ಸರಿ. ಇನ್ನೂ ಕತ್ತಲಿರುವಾಗಲೇ ಒಳಗೆ ಸೇರಿಬಿಡಬೇಕು. ಹಕ್ಕಿ ನೋಡುತ್ತಿರುವಾಗ ಒಳಹೊಕ್ಕರೆ ಮರೆ ಇದ್ದೂ ಇಲ್ಲದಂತೆ. ಲೆನ್ಸ್ ನೀರಿನ ಮಟ್ಟಕ್ಕೆ ಸಮೀಪವಿದ್ದಷ್ಟೂ ಹಿನ್ನೆಲೆ ದೂರ ಸರಿದು ಕರಗುತ್ತದೆ. ಮೊದಲ ಸಲ ಬಂದು ಕೂತಾಗ ಶಟರ್ ಒತ್ತಬೇಡಿ, ಅದು ನೀರಿನತ್ತ ನೋಡುವವರೆಗೆ ತಡೆಯಿರಿ. ಎಲೆಕ್ಟ್ರಾನಿಕ್ ಶಟರ್ ಸದ್ದಿಲ್ಲದ್ದು, ಕೂತ ಹಕ್ಕಿಗೆ ಹೇಳಿ ಮಾಡಿಸಿದಂಥದು. ರೆಕ್ಕೆ ಬಡಿಯುವಾಗ ಮಾತ್ರ ಹಲವು ಕ್ಯಾಮೆರಾಗಳಲ್ಲಿ ರೆಕ್ಕೆ ಸೊಟ್ಟಗೆ ಬರುತ್ತದೆ.

ಗಾಳಿಯ ದಿಕ್ಕನ್ನೂ ಲೆಕ್ಕಕ್ಕೆ ಇಟ್ಟುಕೊಳ್ಳಿ. ಹಕ್ಕಿಗಳು ಸಾಮಾನ್ಯವಾಗಿ ಗಾಳಿಗೆದುರಾಗಿ ಮೇಲೇಳುತ್ತವೆ, ಗಾಳಿಗೆದುರಾಗಿಯೇ ಇಳಿಯುತ್ತವೆ. ಗಾಳಿ ನಿಮ್ಮ ಬೆನ್ನಿನಿಂದ ಬೀಸುತ್ತಿದ್ದರೆ ಹಕ್ಕಿ ನಿಮಗೆ ಮುಖ ಮಾಡಿ ಇಳಿಯುತ್ತದೆ. ಜಿಂಕೆ, ನರಿಯಂಥ ಪ್ರಾಣಿಗಳಿಗೆ ಇದು ತಿರುಗುಮುರುಗು. ಅವು ಮೂಗಿನಿಂದ ನೋಡುವ ಜೀವಗಳು, ಗಾಳಿ ಅವುಗಳ ಕಡೆಯಿಂದ ನಿಮ್ಮ ಕಡೆಗೆ ಬೀಸುತ್ತಿರಬೇಕು.

ಕೂಗು ಮತ್ತು ಗೂಡು

ರೆಕಾರ್ಡ್ ಮಾಡಿದ ಕೂಗಿಗೆ ಹಕ್ಕಿ ಬರುತ್ತದೆ, ಸುಳ್ಳಲ್ಲ. ಆದರೆ ಅದು ಬರುವುದು ಸ್ನೇಹಕ್ಕಲ್ಲ. ತನ್ನ ಜಾಗಕ್ಕೆ ಇನ್ನೊಂದು ಗಂಡು ನುಗ್ಗಿತೆಂದು ಜಗಳಕ್ಕೆ ಬರುತ್ತದೆ. ಅಷ್ಟು ಹೊತ್ತು ಮೇವು, ಮರಿ, ಸಂಗಾತಿ ಎಲ್ಲವನ್ನೂ ಬಿಟ್ಟು ಕಾಣದ ಶತ್ರುವಿಗಾಗಿ ಕೊಂಬೆಯಿಂದ ಕೊಂಬೆಗೆ ಹಾರಾಡುತ್ತದೆ, ಬಯಲಿಗೆ ಬಂದು ಗಿಡುಗನ ಕಣ್ಣಿಗೂ ಬೀಳಬಹುದು. ಎರಡೇ ನಿಮಿಷ ಹಾಕಿದರೆ ಏನಾಗುತ್ತದೆ ಎನ್ನುವವರಿದ್ದಾರೆ. ಜನ ಬಂದುಹೋಗುವ ಜಾಗದಲ್ಲಿ ನಿಮ್ಮ ಎರಡು ನಿಮಿಷದ ಹಿಂದೆ ಮುಂದೆ ಇನ್ನೆಷ್ಟೋ ಜನರ ಎರಡೆರಡು ನಿಮಿಷ ಇರುತ್ತವೆ. ಅದೂ ಅಲ್ಲದೆ, ಹಾಗೆ ಬಂದ ಹಕ್ಕಿಯ ಫೋಟೊದಲ್ಲಿ ಗರಿ ಅಂಟಿಕೊಂಡ, ಕಂಗೆಟ್ಟ ಹಕ್ಕಿಯೇ ಕಾಣುತ್ತದೆ. ಬಲ್ಲವರಿಗೆ ನೋಡಿದೊಡನೆ ಗೊತ್ತಾಗುತ್ತದೆ.

ಗೂಡಿನ ವಿಷಯದಲ್ಲಿ ನಾನು ಇನ್ನೂ ಕಟ್ಟುನಿಟ್ಟು. ಗೂಡಿನ ಮುಂದೆ ಹಕ್ಕಿ ಮತ್ತೆ ಮತ್ತೆ ಬರುತ್ತದೆ, ಹಾಗಾಗಿ ಅದು ಸುಲಭದ ಜಾಗ ಎನಿಸುತ್ತದೆ. ನೀವು ಅಲ್ಲಿದ್ದಷ್ಟು ಹೊತ್ತು ತಾಯಿ ಒಳಗೆ ಹೋಗುವುದಿಲ್ಲ, ಮೊಟ್ಟೆ ತಣ್ಣಗಾಗುತ್ತದೆ, ಇಲ್ಲವೇ ಬಿಸಿಲಿಗೆ ಮರಿ ಬೇಯುತ್ತದೆ. ಸ್ಪಷ್ಟವಾಗಿ ಕಾಣಲೆಂದು ಅಡ್ಡವಿದ್ದ ಎಲೆ ಸರಿಸಿದರೆ ಕಾಗೆಗೂ ಅಷ್ಟೇ ಸ್ಪಷ್ಟವಾಗಿ ಕಾಣುತ್ತದೆ. ಹಾರಲು ಇನ್ನೆರಡು ದಿನ ಬೇಕಿರುವ ಮರಿಗಳು ಗಾಬರಿಗೆ ಗೂಡಿನಿಂದ ಹೊರಗೆ ಜಿಗಿದುಬಿಡುತ್ತವೆ, ವಾಪಸು ಇಟ್ಟರೂ ಹೆಚ್ಚಿನವು ನಿಲ್ಲುವುದಿಲ್ಲ.

ಮಿಂಚುಳ್ಳಿ ನೀರಿನಂಚಿನ ಮಣ್ಣಿನ ದಿಬ್ಬದಲ್ಲಿ ಬಿಲ ಕೊರೆದು ಗೂಡು ಮಾಡುವುದರಿಂದ, ನೀವು ಗೊತ್ತಿಲ್ಲದೆಯೇ ಅದರ ಬಾಗಿಲಲ್ಲಿ ಕೂತಿರಬಹುದು. ಗುರುತಿಸುವುದು ಹೀಗೆ. ಮಿಂಚುಳ್ಳಿ ತಾನೇ ನುಂಗುವುದಾದರೆ ಮೀನಿನ ತಲೆ ತನ್ನ ಗಂಟಲ ಕಡೆಗಿರುವಂತೆ ಹಿಡಿಯುತ್ತದೆ. ಮರಿಗೋ ಸಂಗಾತಿಗೋ ಒಯ್ಯುವುದಾದರೆ ಮೀನಿನ ತಲೆ ಕೊಕ್ಕಿನಿಂದ ಹೊರಗೆ ಚಾಚಿರುತ್ತದೆ, ತಿನ್ನುವವರ ಗಂಟಲಿಗೆ ತಲೆ ಮೊದಲು ಹೋಗಲೆಂದು. ತಲೆ ಹೊರಗಿಟ್ಟ ಮೀನನ್ನು ಕಚ್ಚಿಕೊಂಡು ಹಕ್ಕಿ ಕೊಂಬೆಯಲ್ಲಿ ಕೂತೇ ಇದೆ, ತಲೆ ಕುಣಿಸುತ್ತಿದೆ, ಹೋಗುತ್ತಿಲ್ಲ ಎಂದಾದರೆ ಅದಕ್ಕೂ ಬಿಲಕ್ಕೂ ನಡುವೆ ನೀವಿದ್ದೀರಿ. ಆ ಫೋಟೊ ಎಷ್ಟೇ ಚೆಂದ ಬರುವಂತಿದ್ದರೂ ತಕ್ಷಣ ಎದ್ದು ದೂರ ಸರಿಯಿರಿ, ಮರೆಯನ್ನೂ ಕಿತ್ತು ತನ್ನಿ. ಮರಿಗಳು ಹೊರಬಿದ್ದ ಮೇಲೆ ಆ ಜಾಗಕ್ಕೆ ಮರಳಬಹುದು.

ಅಪರೂಪದ ಹಕ್ಕಿ, ಗೂಬೆ, ಗೂಡು ಇವುಗಳ ಚಿತ್ರ ಹಂಚುವಾಗ ಜಾಗದ ಹೆಸರು ಹಾಕಬೇಡಿ. ಫೈಲಿನೊಳಗೆ ಕ್ಯಾಮೆರಾ ಅಥವಾ ಮೊಬೈಲ್ ಬರೆದಿಟ್ಟ ಜಿಪಿಎಸ್ ಮಾಹಿತಿಯನ್ನೂ ಅಳಿಸಿ.

ಮುಂದಿನ ವಾರಗಳಿಗೆ ನಿಮ್ಮ ಕೆಲಸ ಇಷ್ಟು. ಮೊದಲು ಸೆಟ್ಟಿಂಗ್ ಬದಲಿಸಿ, ಬಿಡುವು ಬೆಳಗಿನ ಹೊತ್ತಿಗೆ ಸಿಗುವಂತೆ ಹೊಂದಿಸಿಕೊಳ್ಳಿ, ವಾರಕ್ಕೊಂದೇ ದಿನವಾದರೂ ಸರಿ. ಕೊಂಬೆ ಗುರುತಿಸಿ, ಬಿಲ ಹತ್ತಿರವಿಲ್ಲವೆಂದು ಖಚಿತಪಡಿಸಿಕೊಂಡು, ಮರೆಯಲ್ಲಿ ಎರಡು ಮೂರು ಗಂಟೆ ಕೂರಿ. ನಾಲ್ಕಾರು ಬೆಳಗು ಹೀಗೆ ಕೂತ ಮೇಲೂ 10 ಮೀಟರಿನಿಂದ ತೆಗೆದ ಕಣ್ಣು ಮಸುಕಾಗಿಯೇ ಬಂದರೆ, ಆಗ ಲೆನ್ಸನ್ನು ಅನುಮಾನಿಸೋಣ: ಮನೆಯ ಹೊರಗೆ ತಂಪು ಹೊತ್ತಿನಲ್ಲಿ, 10 ಮೀಟರ್ ಆಚೆ ಸಣ್ಣ ಅಕ್ಷರಗಳಿರುವ ಒಂದು ಡಬ್ಬಿ ಇಟ್ಟು, ಟ್ರೈಪಾಡ್ ಮೇಲೆ ಸ್ಟೆಬಿಲೈಸೇಶನ್ ಆರಿಸಿ, ಲೈವ್ ವ್ಯೂನಲ್ಲಿ (ಕ್ಯಾಮೆರಾದ ಪರದೆಯಲ್ಲಿ ನೋಡುತ್ತ) ಕೈಯಿಂದಲೇ ಫೋಕಸ್ ಮಾಡಿ, ಟೈಮರ್ ಹಾಕಿ ಎಫ್ 6.3 ಮತ್ತು ಎಫ್ 8ರಲ್ಲಿ ಒಂದೊಂದು ಫ್ರೇಮ್ ತೆಗೆಯಿರಿ. ಅಕ್ಷರಗಳು ಎರಡರಲ್ಲೂ ಚೂಪಾಗಿದ್ದರೆ ಗಾಜು ಸರಿಯಿದೆ, ಆಟೊಫೋಕಸ್ ಹೊಂದಾಣಿಕೆಯನ್ನು ಮಾತ್ರ ಪರೀಕ್ಷಿಸಬೇಕು. ಎಫ್ 8ರಲ್ಲೂ ಒಂದು ಬದಿಯ ಅಕ್ಷರ ಕಲಸಿದ್ದರೆ ಗಾಜಿನ ಜೋಡಣೆ ಸರಿದಿದೆ, ಆ ಎರಡು ಫ್ರೇಮ್‌ಗಳ ಸಮೇತ ಲೆನ್ಸನ್ನು ಸರ್ವಿಸ್‌ಗೆ ಕೊಡಿ.